ಮಲಗೊಬ್ಬರದ ಚರಿತ್ರೆಯೂ ಶುದ್ಧಿವಿಚಾರವೂ

ಊಟದ ವಿಚಾರವನ್ನು ಎತ್ತಿದರೆ ಎಲ್ಲರೂ ಕಿವಿಗೊಡುವರು. ಉಂಡುದು ಮುಂದೆ ಏನಾಯಿತೆಂಬ ವಿಚಾರವನ್ನು ಎತ್ತಿದರೆ ಮುಖ ತಿರುಗಿಸುವರು. ಆದರೂ ಮನುಷ್ಯರು ಊರು ಕಟ್ಟಿಕೊಂಡು ಒಂದೆಡೆ ನೆಲಸಿದಂದಿನಿಂದ ಈ ಎರಡನೆಯ ವಿಚಾರವು ಅವರನ್ನು ಬಿಟ್ಟಿಲ್ಲ. ಹೊಲದ ಸಾರವು ಧಾನ್ಯರೂಪದಿಂದ ಊರಿಗೆ ಬರುತ್ತದೆ. ಮಲಮೂತ್ರರೂಪದಿಂದ ಊರನ್ನು ಬಿಟ್ಟು ಹೋಗುತ್ತದೆ. ಅದು ಹೊಲಕ್ಕೆ ಮರಳದಿದ್ದರೆ ನೆಲವು ಬಡವಾಗುವುದು. ಹಸಿಯಾಗಿಯೇ ಮರಳಿದರೆ ಉಣ್ಣುವವನಿಗೆ ರೋಗ ತಗಲುವುದು. ಈ ಇಕ್ಕಟ್ಟಿನಿಂದ ಪಾರಾಗಲು ನಾನಾ ದೇಶದವರು ಏನೇನು ಮಾಡಿದರು, ಅದರಲ್ಲಿ ನಮ್ಮ ಬೆಂಗಳೂರಿನ ಪಾಲೇನು, ಈ ಗೊಬ್ಬರವು ನಿರಪಾಯವೆಂದು ಹೇಳುವಾಗ ಅದು ಯಾರಿಗೆ ನಿರಪಾಯ, ಎಂಬಿವನ್ನು ಇಲ್ಲಿ ಯಥಾಮತಿಯಾಗಿ ವಿಚಾರಮಾಡುವೆನು. ವಿಷಯವು ಜುಗುಪ್ಸೆಯದೆಂದು ವಾಚಕರು ಪುಟವನ್ನು ಮಗುಚದಿರಬೇಕೆಂದು ಪ್ರಾರ್ಥನೆ.

ಮೊದಲು ನಮ್ಮ ಪ್ರಾಚೀನ ಗ್ರಂಥಗಳ ಕಡೆಗೆ ನೋಡೋಣ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ದಾರಿಯಲ್ಲಿ, ಬೂದಿಯ ಮೇಲೆ, ದನದ ಹಟ್ಟಿಯಲ್ಲಿ, ಉತ್ತ ನೆಲದಲ್ಲಿ, ನೀರಿನಲ್ಲಿ ಮಲಮೂತ್ರ ವಿಸರ್ಜನೆಯನ್ನು ನಿಷೇಧಿಸುತ್ತದೆ. ಕೃಷಿಪರಾಶರವು ಗೊಬ್ಬರದ ವಿಷಯವನ್ನು ಪ್ರತ್ಯೇಕವಾಗಿ ಹೇಳುವ ಗ್ರಂಥ. ಅಲ್ಲಿ ಹೇಳಿರುವುದು ಗೋಮಯವನ್ನು. ಮಾಘಮಾಸದಲ್ಲಿ ತಿಪ್ಪೆಯನ್ನು ಅಗೆದು, ಬಿಸಿಲಿಗೆ ಒಣಗಿಸಿ, ಪುಡಿಮಾಡಿ, ಫಾಲ್ಗುನದಲ್ಲಿ ಗದ್ದೆಯ ಗುಂಡಿಗಳಿಗೆ ಹಾಕಿ, ಬಿತ್ತನೆಯ ಕಾಲಕ್ಕೆ ಹರಡಬೇಕೆಂದು ಅದರ ವಿಧಿ. ಸುರಪಾಲನ ವೃಕ್ಷಾಯುರ್ವೇದವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರಲ್ಲಿ ಬರುವ ಕುಣಪಜಲವೆಂಬ ದ್ರವಗೊಬ್ಬರಕ್ಕೆ ಹಂದಿಯ ಮಲ, ಮಜ್ಜೆ, ಮಾಂಸ, ರಕ್ತಗಳೇ ಸಾಮಗ್ರಿ. ಆದರೆ ಇವನ್ನು ಹಸಿಯಾಗಿ ಗಿಡದ ಬುಡಕ್ಕೆ ಸುರಿಯುವಂತಿಲ್ಲ. ನೀರಿನೊಡನೆ ಕೂಡಿಸಿ ನೆಲದೊಳಗೆ ಹೂತಿಟ್ಟು ಕಳಿಯಿಸಬೇಕು. ಹೊಲಸೆನಿಸಿದುದು ಕಾಲದ ಪಾಕದಿಂದ ಸಾರವಾಗುವುದೆಂಬ ತಿಳಿವಳಿಕೆ ನಮ್ಮವರಿಗೆ ಹೊಸದಲ್ಲವೆಂಬುದಕ್ಕೆ ಇದು ಸಾಕು. ಆದರೂ ನಮ್ಮ ಶಾಸ್ತ್ರಕಾರರು ಅಶೌಚವೆಂದರೆ ಯಾವುದು, ಅದನ್ನು ಮುಟ್ಟಿದವನು ಏನು ಮಾಡಬೇಕು ಎಂಬುದನ್ನು ವಿಚಾರಿಸಿದಷ್ಟು, ಆ ಅಶೌಚವನ್ನು ದಿನವೂ ಹೊತ್ತೊಯ್ಯುವವನ ಪಾಡನ್ನು ವಿಚಾರಿಸಲಿಲ್ಲ. ಈ ಮಾತಿಗೆ ಮುಂದೆ ಬರುವೆನು.

ನರಮಲವನ್ನು ಹಿಂಜರಿಯದೆ ಹೊಲಕ್ಕೆ ಕೊಟ್ಟವರಲ್ಲಿ ಚೀನದವರೂ ಜಪಾನಿನವರೂ ಅಗ್ರಗಣ್ಯರು. ಜಪಾನಿನಲ್ಲಿ ಟೋಕುಗಾವ ದೊರೆಗಳ ಕಾಲಕ್ಕೆ ಎಡೋ, ಒಸಾಕಾ ಮುಂತಾದ ಪಟ್ಟಣಗಳ ಮಲವು ಕ್ರಯಕ್ಕೆ ಮಾರಾಟವಾಗುವ ಸರಕಾಗಿತ್ತು. ಒಸಾಕಾದ ಬಾಡಿಗೆಮನೆಗಳಲ್ಲಿ ಮಲದ ಹಕ್ಕು ಮನೆಯೊಡೆಯನದು, ಮೂತ್ರದ ಹಕ್ಕು ಬಾಡಿಗೆದಾರನದು ಎಂದು ಕಟ್ಟುಪಾಡಿತ್ತಂತೆ! ಸುತ್ತಲಿನ ಹಳ್ಳಿಯವರು ಅದಕ್ಕಾಗಿ ಹಣವನ್ನೋ ತರಕಾರಿಯನ್ನೋ ತೆರುತ್ತಿದ್ದರು. ಅಮೆರಿಕದ ಭೂಸಾರಶಾಸ್ತ್ರಜ್ಞನಾದ ಎಫ್. ಎಚ್. ಕಿಂಗ್ ಎಂಬಾತನು ೧೯೦೯ರಲ್ಲಿ ಚೀನ, ಕೊರಿಯ, ಜಪಾನುಗಳಲ್ಲಿ ಸಂಚರಿಸಿ, ನಾಲ್ವತ್ತು ಶತಮಾನಗಳಿಂದ ಒಂದೇ ನೆಲವನ್ನು ಉತ್ತರೂ ಸಾರಗುಂದದ ಗುಟ್ಟೇನೆಂದು ವಿಚಾರಿಸಿದನು. ಆತನ ಗ್ರಂಥವು ಆತನ ಮರಣಾನಂತರ ೧೯೧೧ರಲ್ಲಿ ಪ್ರಕಟವಾಯಿತು. ೧೯೦೮ರಲ್ಲಿ ಶಾಂಘೈ ನಗರದ ಪರದೇಶೀಯರ ವಸತಿಯಿಂದ ೭೮,೦೦೦ ಟನ್ನು ಮಲವನ್ನು ಸಂಗ್ರಹಿಸುವ ಹಕ್ಕಿಗಾಗಿ ಒಬ್ಬ ಚೀನೀ ಗುತ್ತಿಗೆದಾರನು ೩೧,೦೦೦ ಡಾಲರು ಕೊಟ್ಟನೆಂದು ಆತನು ಬರೆದಿರುವನು. ಪಶ್ಚಿಮದ ಪಟ್ಟಣಗಳು ಹಣ ಕೊಟ್ಟು ಸಮುದ್ರಕ್ಕೆ ಸುರಿಸುತ್ತಿದ್ದ ವಸ್ತುವನ್ನು ಪೂರ್ವದವರು ಹಣ ಕೊಟ್ಟು ಕೊಳ್ಳುತ್ತಿದ್ದರೆಂಬುದೇ ಕಿಂಗನ ಬೆರಗಿಗೆ ಕಾರಣ.

ಆದರೆ ಈ ಚಿತ್ರದ ಮತ್ತೊಂದು ಮಗ್ಗುಲನ್ನೂ ನೋಡಬೇಕು. ಮನುಷ್ಯನ ಕರುಳಿನಲ್ಲಿ ವಾಸಿಸುವ ದುಂಡುಜಂತುವಿನ ಹೆಣ್ಣು ದಿನವೊಂದಕ್ಕೆ ಲಕ್ಷಾಂತರ ಮೊಟ್ಟೆಗಳನ್ನಿಡುವುದು. ಅವು ಮಲದೊಡನೆ ಹೊರಬಿದ್ದು, ತೇವವಾದ ಮಣ್ಣಿನಲ್ಲಿ ಕೆಲವು ವಾರಗಳಿದ್ದು, ಅನಂತರ ಸೊಪ್ಪು ತರಕಾರಿಗಳಿಗೆ ಅಂಟಿಕೊಂಡು ಮತ್ತೊಬ್ಬನ ಹೊಟ್ಟೆಯನ್ನು ಸೇರುತ್ತವೆ. ಅದರ ಚಿಪ್ಪು ಬಹಳ ಗಟ್ಟಿ. ಅನುಕೂಲವಾದ ಮಣ್ಣಿನಲ್ಲಿ ವರುಷಗಟ್ಟಲೆ ಜೀವ ಹಿಡಿದಿರಬಲ್ಲದು. ಕೊಕ್ಕೆಹುಳುವಿನ ಮರಿಗಳು ಬಾಯಿಗಾಗಿ ಕಾಯುವುದೂ ಇಲ್ಲ. ಬರಿಗಾಲಿನ ಚರ್ಮವನ್ನು ಕೊರೆದೇ ಒಳಹೊಗುತ್ತವೆ. ಕಾಲರಾ, ವಿಷಮಶೀತಜ್ವರ, ಆಮಶಂಕೆಗಳ ಮಾತಂತೂ ಸರಿಯೇ. ಚೀನದವರು ನೀರನ್ನು ಕುದಿಸಿ ಚಹವಾಗಿ ಕುಡಿಯುತ್ತಿದ್ದುದರಿಂದಲೂ, ತರಕಾರಿಯನ್ನು ಬೇಯಿಸಿ ತಿನ್ನುತ್ತಿದ್ದುದರಿಂದಲೂ ಎಷ್ಟೋ ಪಾಲು ರಕ್ಷಣೆ ಪಡೆದರು, ಪೂರ್ಣ ಪಡೆಯಲಿಲ್ಲ. ಎರಡನೆಯ ಮಹಾಯುದ್ಧವು ಮುಗಿದಾಗ ಜಪಾನಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹೊಟ್ಟೆಯಲ್ಲಿ ಜಂತುಗಳಿದ್ದುವು. ಅಲ್ಲಿಗೆ ಬಂದ ಅಮೆರಿಕದ ದಂಡಾಳ್ತನದವರು ತಮ್ಮ ಸೈನಿಕರಿಗೆ ಹಸಿ ತರಕಾರಿಯನ್ನು ಒದಗಿಸಲು ಟೋಕಿಯೋ ಬಳಿಯ ಚೋಫುವಿನಲ್ಲಿ ಮಣ್ಣೇ ಇಲ್ಲದೆ ನೀರಿನಲ್ಲಿ ಗಿಡ ಬೆಳೆಯುವ ತೋಟವನ್ನು ಮಾಡಿಕೊಂಡರು. ಹೊಲದ ಸಾರವನ್ನು ಕಾಯುವ ವಿದ್ಯೆಯೊಂದು, ಮನುಷ್ಯನ ಆರೋಗ್ಯವನ್ನು ಕಾಯುವ ವಿದ್ಯೆ ಮತ್ತೊಂದು; ಮೊದಲನೆಯದನ್ನು ಬಲ್ಲವರು ಎರಡನೆಯದನ್ನು ಬಲ್ಲರೆಂದು ಹೇಳಲಾಗದು.

ಐರೋಪ್ಯರ ಕಥೆ ಇದಕ್ಕೆ ವಿಪರೀತವಾದುದು. ಅವರು ಭಯದಿಂದ ಆರಂಭಿಸಿದರು. ೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯನು ಅದಕ್ಕೆ ಕುಡಿಯುವ ನೀರೇ ಕಾರಣವೆಂದು ತೋರಿಸಿದನು. ೧೮೫೮ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ಗಂಧವು ಪಾರ್ಲಿಮೆಂಟಿನ ಕಿಟಕಿಗಳೊಳಕ್ಕೂ ನುಗ್ಗಲು, ಆ ನಗರಕ್ಕೆ ದೊಡ್ಡ ಒಳಚರಂಡಿಗಳು ಕಟ್ಟಲ್ಪಟ್ಟುವು. ಜನರು ಬದುಕಿದರು, ಹೊಲದ ಸಾರ ಸಮುದ್ರವನ್ನು ಸೇರಿತು. ಈ ನಷ್ಟವನ್ನು ಕಂಡು ಮರುಗಿದವರೂ ಅಲ್ಲಿ ಇದ್ದರು. ಹೆನ್ರಿ ಮೌಲ್ ಎಂಬ ಪಾದ್ರಿಯು ಮಲದ ಮೇಲೆ ಒಣಮಣ್ಣು ಬೀಳುವಂತೆ ಏರ್ಪಡಿಸಿದ ಕಕ್ಕಸಿಗೆ ೧೮೬೦ರಲ್ಲಿ ಪೇಟೆಂಟ್ ಪಡೆದನು. ಜಾರ್ಜ್ ವಿವಿಯನ್ ಪೂರ್ ಎಂಬ ವೈದ್ಯನು ತನ್ನ ಹಳ್ಳಿಯ ತೋಟಕ್ಕೆ ಸುತ್ತಲಿನ ಗುಡಿಸಲುಗಳ ಮಲವನ್ನೇ ಗೊಬ್ಬರವಾಗಿ ಹಾಕಿ, ಆ ಅನುಭವವನ್ನು ೧೮೯೩ರಲ್ಲಿ ಗ್ರಾಮಾರೋಗ್ಯವನ್ನು ಕುರಿತ ಪ್ರಬಂಧಗಳಲ್ಲಿ ಬರೆದನು.

ಪೂರನ ಈ ಮಾತು ನಮ್ಮ ದೇಶಕ್ಕೆ ಮಹಾತ್ಮ ಗಾಂಧಿಯವರ ಮೂಲಕ ಬಂದಿತು. ಮಲವನ್ನು ೯ ರಿಂದ ೧೨ ಅಂಗುಲಕ್ಕಿಂತ ಆಳಕ್ಕೆ ಹೂಳಬಾರದು, ಮೇಲ್ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳೂ ಗಾಳಿ ಬೆಳಕುಗಳೂ ಅದನ್ನು ಕೆಲವೇ ದಿನಗಳಲ್ಲಿ ಮಣ್ಣಾಗಿಸುವುವು ಎಂಬ ಪೂರನ ಅಭಿಪ್ರಾಯವನ್ನು ಗಾಂಧಿಯವರು ಗ್ರಾಮಸ್ವಚ್ಛತೆಯ ಬರೆಹಗಳಲ್ಲಿ ಉದಾಹರಿಸಿರುವರು. ಅವರು ಬರಿಯ ಮಾತಿನಲ್ಲಿ ನಿಲ್ಲದೆ, ಆಶ್ರಮದಲ್ಲಿ ಈ ಕೆಲಸವನ್ನು ಜಾತಿಭೇದವಿಲ್ಲದೆ ಎಲ್ಲರ ಪಾಲಿಗೂ ಹಚ್ಚಿದರು. ಇದು ಅವರ ದೊಡ್ಡತನ. ಆದರೆ ಶಾಸ್ತ್ರದೃಷ್ಟಿಯಿಂದ ಒಂದು ಮಾತನ್ನು ಸೇರಿಸಲೇಬೇಕು. ಕೆಲವು ದಿನಗಳಲ್ಲಿ ಹೋಗುವುದು ವಾಸನೆ, ಜಂತುವಿನ ಮೊಟ್ಟೆಯಲ್ಲ. ಮೇಲುಮೇಲೆ ಹೂತ ಮಲದಿಂದ ಕೊಕ್ಕೆಹುಳುವಿನ ಮರಿಗಳು ಮಣ್ಣಿನ ಮೇಲಕ್ಕೆ ಏರಿಬರಲೂ ಬಲ್ಲವು. ಮೂಗಿಗೆ ಶುದ್ಧವಾದುದೆಲ್ಲ ಹೊಟ್ಟೆಗೆ ಶುದ್ಧವಲ್ಲ. ಈ ವಿಷಯದಲ್ಲಿ ಜನರು ಇಂದಿಗೂ ಮೋಸಹೋಗುವುದು ಇಲ್ಲಿಯೇ.

ಹಾಗಾದರೆ ಶುದ್ಧಿಯನ್ನು ತಿಳಿಯುವ ಬಗೆ ಯಾವುದು? ಅದಕ್ಕೆ ಉತ್ತರವು ಗೊಬ್ಬರದ ರಾಶಿಯ ಒಡಲಿನ ಬಿಸಿಯಲ್ಲಿ ದೊರೆಯಿತು. ಆಲ್ಬರ್ಟ್ ಹೋವರ್ಡ್ ಎಂಬ ಸಸ್ಯಶಾಸ್ತ್ರಜ್ಞನು ೧೯೨೪ರಿಂದ ೧೯೩೧ರ ವರೆಗೆ ಇಂದೂರಿನಲ್ಲಿದ್ದು, ಯಶವಂತ ವಾಡ್ ಎಂಬ ಭಾರತೀಯ ವಿಜ್ಞಾನಿಯ ಸಹಕಾರದಿಂದ, ಕಸಕಡ್ಡಿ, ಸಗಣಿ, ಬೂದಿ, ಮಣ್ಣುಗಳನ್ನು ಪದರಪದರವಾಗಿ ಒಟ್ಟಿ, ನಡುನಡುವೆ ಮಗುಚಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರಮಾಡುವ ಕ್ರಮವನ್ನು ಸ್ಥಿರಪಡಿಸಿದನು. ಇದೇ ಇಂದೂರು ಪದ್ಧತಿ. ರಾಶಿಯು ಬಿಸಿಯೇರುವುದಕ್ಕೆ ಬೆಂಕಿ ಬೇಕಿಲ್ಲ. ಕೊಳೆಯಿಸುವ ಸೂಕ್ಷ್ಮಜೀವಿಗಳ ಉಸಿರಾಟವೇ ಬೆಂಕಿ. ಅವಕ್ಕೆ ತೇವವೂ ಗಾಳಿಯೂ ಬೇಕು. ಇಂಗಾಲ ಮತ್ತು ಸಾರಜನಕಗಳು ಸುಮಾರು ೩೦ಕ್ಕೆ ೧ರ ಪ್ರಮಾಣದಲ್ಲಿರಬೇಕು. ನರಮಲದಲ್ಲಿ ಸಾರಜನಕ ಹೆಚ್ಚು, ಇಂಗಾಲ ಕಡಮೆ. ಆದಕಾರಣ ಅದೊಂದನ್ನೇ ಗುಡ್ಡೆಹಾಕಿದರೆ ನಾರುವುದೇ ಹೊರತು ಬೇಯುವುದಿಲ್ಲ. ಹುಲ್ಲು, ಎಲೆ, ಕಸಗಳ ಒಡನಾಟ ಬೇಕು. ಆದರೆ ಮಲ ಸೇರಿದ ರಾಶಿಯನ್ನು ಮತ್ತೆ ಮತ್ತೆ ಮಗುಚುವುದು ನೊಣಗಳಿಗೆ ಹಬ್ಬ, ಮಗುಚುವವನಿಗೆ ನರಕ.

ಈ ತೊಡಕನ್ನು ಬಿಡಿಸುವ ಪ್ರಯತ್ನ ಬೆಂಗಳೂರಿನಲ್ಲಿ ನಡೆಯಿತು. ನಮ್ಮವರು ತಾತಾ ಇನ್ಸ್ಟಿಟ್ಯೂಟೆಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ, ಮ್ಯಾಂಚೆಸ್ಟರಿನ ಚರಂಡಿನೀರಿನ ಶುದ್ಧೀಕರಣದಲ್ಲಿ ಪರಿಶ್ರಮವಿದ್ದ ಗಿಲ್ಬರ್ಟ್ ಫೌಲರರು ಜೀವರಸಾಯನದ ಪ್ರಾಧ್ಯಾಪಕರಾಗಿ ಬಂದಿದ್ದರು. ವ್ಯರ್ಥವಾಗುವ ಸಾರಜನಕವನ್ನು ಉಳಿಸುವ ವಿಷಯದಲ್ಲಿ ಅಲ್ಲಿ ಆಸಕ್ತಿ ಬೇರೂರಿತು. ಅದೇ ಸಂಸ್ಥೆಯಲ್ಲಿ ೧೯೩೯ರಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ ಕ್ರಮವು ‘ಬೆಂಗಳೂರು ಪದ್ಧತಿ’ ಎಂಬ ಹೆಸರಿನಿಂದ ಲೋಕದ ಆರೋಗ್ಯಶಾಸ್ತ್ರಗ್ರಂಥಗಳಲ್ಲಿ ಸ್ಥಾನ ಪಡೆದಿದೆ. ಅದರ ವಿವರ ಇದು. ಊರಿನಿಂದ ದೂರದಲ್ಲಿ ೩ ಅಡಿ ಆಳ, ೫ ರಿಂದ ೮ ಅಡಿ ಅಗಲದ ಕಂದಕಗಳನ್ನು ತೋಡಬೇಕು. ೩ ಅಡಿಗಿಂತ ಆಳವಾದರೆ ಕೊಳೆಯುವುದು ನಿಧಾನ. ತಳದಲ್ಲಿ ೬ ಅಂಗುಲ ಕಸ, ಅದರ ಮೇಲೆ ೨ ಅಂಗುಲ ಮಲ. ಮತ್ತೆ ಕಸ, ಮತ್ತೆ ಮಲ. ಹೀಗೆ ನೆಲಮಟ್ಟಕ್ಕಿಂತ ಒಂದಡಿ ಮೇಲೇಳುವ ವರೆಗೆ. ಎಲ್ಲಕ್ಕಿಂತ ಮೇಲಿನ ಪದರವು ಕಸದ್ದೇ ಆಗಿದ್ದು ಸುಮಾರು ೧೦ ಅಂಗುಲ ದಪ್ಪವಿರಬೇಕು. ಅದರ ಮೇಲೆ ಅಗೆದ ಮಣ್ಣನ್ನು ಮುಚ್ಚಬೇಕು. ಮನುಷ್ಯನು ಮೇಲೆ ನಡೆದರೆ ಕಾಲು ಹೂಳದಿರುವುದೇ ಸರಿಯಾಗಿ ತುಂಬಿದುದರ ಗುರುತು. ಒಂದು ವಾರದೊಳಗಾಗಿ ಒಳಗಿನ ಬಿಸಿಯು ೬೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು. ಎರಡು ಮೂರು ವಾರ ಹಾಗೆಯೇ ನಿಲ್ಲುವುದು. ಮಗುಚುವ ಕೆಲಸವಿಲ್ಲ. ನಾಲ್ಕರಿಂದ ಆರು ತಿಂಗಳಲ್ಲಿ ವಾಸನೆಯಿಲ್ಲದ ಕಪ್ಪು ಗೊಬ್ಬರ ಸಿದ್ಧ. ಯುದ್ಧಕಾಲದ ಆಹಾರಾಭಾವದಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿಯು ಹೊರಟಾಗ ಈ ಪದ್ಧತಿಯು ಅನೇಕ ಪುರಸಭೆಗಳಲ್ಲಿ ಆಚರಣೆಗೆ ಬಂದಿತು. ಸಗಣಿಯನ್ನು ಉರುವಲಾಗಿ ಸುಡುತ್ತಿದ್ದ ದೇಶಕ್ಕೆ ಇದು ಸಾಮಾನ್ಯವಾದ ಉಪಕಾರವಲ್ಲ.

ಆದರೂ ‘ಇಷ್ಟು ಬಿಸಿಯಾದರೆ ಎಷ್ಟು ಹೊತ್ತಿಗೆ ಯಾವ ಕ್ರಿಮಿ ಸಾಯುವುದು’ ಎಂಬುದರ ಲೆಕ್ಕ ಪೂರ್ಣವಾಗಿ ಕೈಗೆ ಬಂದುದು ಅನಂತರದ ಕಾಲದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಗಾಗಿ ೧೯೫೬ರಲ್ಲಿ ಗೋಟಾಸ್ ಎಂಬ ವಿದ್ವಾಂಸನು ಬರೆದ ಗ್ರಂಥವು ಚದುರಿದ ಪರಿಶೋಧನೆಗಳನ್ನು ಒಂದೆಡೆ ಸೇರಿಸಿತು. ೧೯೮೩ರಲ್ಲಿ ವಿಶ್ವಬ್ಯಾಂಕಿನ ಪರವಾಗಿ ಫೀಚೆಮ್ ಮೊದಲಾದವರು ಪ್ರಕಟಿಸಿದ ಗ್ರಂಥವು ಅದನ್ನು ಸುಲಭವಾದ ಸೂತ್ರಕ್ಕೆ ಇಳಿಸಿತು: ೬೨ ಡಿಗ್ರಿಯಲ್ಲಿ ಒಂದು ಗಂಟೆ, ೫೦ ಡಿಗ್ರಿಯಲ್ಲಿ ಒಂದು ದಿನ, ೪೬ ಡಿಗ್ರಿಯಲ್ಲಿ ಒಂದು ವಾರ, ೪೩ ಡಿಗ್ರಿಯಲ್ಲಿ ಒಂದು ತಿಂಗಳು. ಇವುಗಳಲ್ಲಿ ಯಾವುದೊಂದಾದರೂ ನೆರವೇರಿದರೆ ರೋಗಕಾರಕಗಳೆಲ್ಲ, ಅತ್ಯಂತ ಹಟಮಾರಿಯಾದ ಜಂತುವಿನ ಮೊಟ್ಟೆಯೂ ಸಹ, ನಾಶವಾಗುತ್ತವೆ. ಬಿಸಿಯು ಕಡಮೆಯಾದಷ್ಟೂ ಕಾಲವು ಹೆಚ್ಚಬೇಕು. ಅಡಿಗೆಯವರು ಬಲ್ಲ ನ್ಯಾಯವೇ ಇದು. ಆದರೆ ಒಂದು ನಿಯಮವನ್ನು ಮರೆಯಬಾರದು: ಆ ಬಿಸಿಯು ರಾಶಿಯ ಪ್ರತಿಯೊಂದು ಭಾಗಕ್ಕೂ ಮುಟ್ಟಿರಬೇಕು. ನಡುಭಾಗವು ಕುದಿಯುತ್ತಿದ್ದರೂ ಅಂಚುಗಳೂ ಮೇಲ್ಮೈಯೂ ತಣ್ಣಗಿರುವುದುಂಟು. ಅಲ್ಲಿ ಉಳಿದ ಮೊಟ್ಟೆಗಳು ಉಳಿದೇ ಇರುತ್ತವೆ. ಮಗುಚದ ಬೆಂಗಳೂರು ಪದ್ಧತಿಯ ದುರ್ಬಲತೆ ಇದೇ. ಮನೆಯ ಹಿತ್ತಿಲಿನ ಸಣ್ಣ ಗುಡ್ಡೆಯಂತೂ ಅಷ್ಟು ಬಿಸಿಯಾಗುವುದೇ ಅಪರೂಪ. ಅಂತಹ ಕಡೆ ಬಿಸಿಯ ಕೆಲಸವನ್ನು ಕಾಲವೇ ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೬ರಲ್ಲಿ ಹೊರಡಿಸಿದ ಸೂಚನೆಗಳ ಮೇರೆಗೆ, ಹೊಸದಾಗಿ ಮಲ ಸೇರದಂತೆ ಮುಚ್ಚಿಟ್ಟ ರಾಶಿಯು ೨೦ ಡಿಗ್ರಿಗಿಂತ ಬೆಚ್ಚನೆಯ ಸೀಮೆಯಲ್ಲಿ ಒಂದು ವರುಷಕ್ಕಿಂತ ಹೆಚ್ಚು, ತಂಪಾದ ಸೀಮೆಯಲ್ಲಿ ಒಂದೂವರೆಯಿಂದ ಎರಡು ವರುಷ ಇರಬೇಕು.

ಇಷ್ಟಕ್ಕೆ ಚರಿತ್ರೆಯನ್ನು ಮುಗಿಸಿದರೆ ಅದು ವಿಜ್ಞಾನದ ಜಯಗಾಥೆಯಾಗಿ ಕಾಣುವುದು. ಆದರೆ ಈ ಎಲ್ಲ ಅಳತೆಗಳೂ ಗೊಬ್ಬರವು ಸಿದ್ಧವಾದ ಮೇಲಿನ ಅಳತೆಗಳು. ಕಕ್ಕಸಿನಿಂದ ಕಂದಕದ ವರೆಗಿನ ದಾರಿಯಲ್ಲಿ ಯಾವ ಉಷ್ಣಮಾಪಕವೂ ಇರಲಿಲ್ಲ. ಎರಡು ಅಂಗುಲದ ಆ ಪದರವನ್ನು ಅಲ್ಲಿಗೆ ತಂದವರು ಯಾರು? ಬೆಳಗಿನ ಜಾವ ಮನೆಗಳ ಹಿಂಬಾಗಿಲಿಗೆ ಬಂದು, ತಗಡಿನಲ್ಲಿ ಬಳಿದು, ಡಬ್ಬಕ್ಕೆ ತುಂಬಿ, ತಲೆಯ ಮೇಲೆ ಹೊತ್ತು, ಮಳೆಗಾಲದಲ್ಲಿ ಅದು ಮೈಮೇಲೆ ಸೋರುತ್ತಿರಲು ನಡೆದ ಜಾಡಮಾಲಿ ಸ್ತ್ರೀಪುರುಷರು. ಉಣ್ಣುವವನಿಗೆ ಆರು ತಿಂಗಳ ಪಾಕವಾದ ಗೊಬ್ಬರ. ಹೊರುವವನಿಗೆ ಆ ದಿನದ ಹಸಿ ಮಲ. ಕೊಕ್ಕೆಹುಳು ಮೊದಲು ಹೊಕ್ಕುದು ಅವರ ಬರಿಗಾಲುಗಳನ್ನು. ಆಮಶಂಕೆ ಮೊದಲು ತಗಲಿದುದು ಅವರ ಮಕ್ಕಳಿಗೆ. ಗೊಬ್ಬರಕ್ಕೆ ಕೊನೆಗೆ ಶುದ್ಧಿಯುಂಟಾಯಿತು. ಅದನ್ನು ಹೊತ್ತವರಿಗೆ ಮಾತ್ರ ಸಮಾಜವು ಯಾವ ಕಾಲಾವಧಿಯಲ್ಲಿಯೂ ಶುದ್ಧಿಯನ್ನು ವಿಧಿಸಲಿಲ್ಲ. ಮಲವು ವರುಷದೊಳಗೆ ಮಣ್ಣಾಗಬಲ್ಲುದಾದರೆ, ಅದನ್ನು ಮುಟ್ಟಿದವನ ಮೊಮ್ಮಗನೂ ಅಸ್ಪೃಶ್ಯನಾಗಿಯೇ ಉಳಿಯಬೇಕೆಂಬುದು ಯಾವ ಶಾಸ್ತ್ರ? ಶೌಚಾಶೌಚಗಳ ವಿಚಾರವನ್ನು ಬಾಯಿಪಾಠಮಾಡಿ ಬೆಳೆದ ನಮ್ಮಂಥವರು ಈ ಪ್ರಶ್ನೆಗೆ ಉತ್ತರವನ್ನು ಕೊಡಬೇಕಾಗಿದೆ.

ನಮ್ಮ ನಾಡಿನಲ್ಲಿ ಈ ಅನಿಷ್ಟವನ್ನು ತೊಡೆಯಲು ಆದ ಪ್ರಯತ್ನಗಳನ್ನು ಸ್ಮರಿಸುವುದು ನ್ಯಾಯ. ೧೯೭೦ರ ದಶಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಶಾಸನವು ೧೯೯೩ರಲ್ಲಿ ಬಂದಿತು. ಅದು ಸಾಲದೆ ೨೦೧೩ರಲ್ಲಿ ಮತ್ತೊಂದು ಬಂದಿತು. ಒಳಚರಂಡಿ, ಮಲಗುಂಡಿಗಳಲ್ಲಿ ಇಳಿದು ಸತ್ತವರ ಮನೆಯವರಿಗೆ ೧೦ ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ವಿಧಿಸಿ, ೨೦೨೩ರಲ್ಲಿ ಅದನ್ನು ೩೦ ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತವನ್ನು ಏರಿಸಬೇಕಾಗಿ ಬಂದುದೇ ಸಾವು ನಿಂತಿಲ್ಲವೆಂಬುದಕ್ಕೆ ಸಾಕ್ಷಿ.

ಹಾಗೆಂದು ಮಲವನ್ನು ಹೊಲಕ್ಕೆ ಮರಳಿಸುವ ವಿದ್ಯೆಯನ್ನೇ ಬಿಡಬೇಕೆಂದು ನನ್ನ ಅಭಿಪ್ರಾಯವಲ್ಲ. ಇಂದು ಯಾರ ತಲೆಯ ಮೇಲೂ ಹೊರೆಯಿಡದೆ ಆ ಕೆಲಸವನ್ನು ಮಾಡುವ ಮಾರ್ಗಗಳು ಇವೆ. ಎರಡು ಗುಂಡಿಯ ಕಕ್ಕಸಿನಲ್ಲಿ ಒಂದು ಗುಂಡಿ ತುಂಬಿದಾಗ ಅದನ್ನು ಮುಚ್ಚಿ ಮತ್ತೊಂದನ್ನು ಬಳಸುವರು. ಎರಡು ವರುಷದ ಮೇಲೆ ಮೊದಲನೆಯದನ್ನು ತೆರೆದರೆ ಸಿಗುವುದು ಮಣ್ಣಿನಂಥ ಗೊಬ್ಬರ. ಬೆಂಗಳೂರಿಗೆ ಸಮೀಪದ ದೇವನಹಳ್ಳಿಯಲ್ಲಿ ೨೦೧೫ರಲ್ಲಿ ಆರಂಭವಾದ ಘಟಕಕ್ಕೆ ಊರಿನ ಮಲಗುಂಡಿಗಳ ಹೂಳನ್ನು ಯಂತ್ರದ ಬಂಡಿಯಲ್ಲಿ ತಂದು, ಸಂಸ್ಕರಿಸಿ ಒಣಗಿಸುವ ಏರ್ಪಾಡಾಯಿತು; ಬಳಿಕ ಅದನ್ನು ಹಸಿ ಕಸದೊಡನೆ ಕೂಡಿಸಿ ಗೊಬ್ಬರಮಾಡಲಾಯಿತು. ಆಚಾರ್ಯರ ಪದರಗಳು ಹೀಗೆ ಮತ್ತೊಂದು ರೂಪದಲ್ಲಿ ಮರಳಿವೆಯೆನ್ನಬಹುದು. ಆದರೆ ಆಚಾರ್ಯರ ಕಾಲದ ಕಸದಲ್ಲಿ ಪ್ಲಾಸ್ಟಿಕ್ಕು ಇರಲಿಲ್ಲ. ಕಾರ್ಖಾನೆಯ ನೀರು ಸೇರಿದ ದೊಡ್ಡ ನಗರಗಳ ಚರಂಡಿಯ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಮ್ ಮುಂತಾದ ಲೋಹಗಳಿದ್ದರೆ ಯಾವ ಬಿಸಿಯೂ ಅವನ್ನು ಕೊಲ್ಲಲಾರದು; ಅಂತಹುದನ್ನು ಪರೀಕ್ಷಿಸದೆ ಹೊಲಕ್ಕೆ ತರಬಾರದು.

ಮನೆಯ ತೋಟಕ್ಕೆ ಇಂಥ ಗೊಬ್ಬರವನ್ನು ಬಳಸಬಯಸುವವರು ಈ ಚರಿತ್ರೆಯಿಂದ ತಿಳಿಯಬೇಕಾದುದು ಇಷ್ಟು. ಹಸಿ ಮಲವನ್ನಾಗಲಿ, ತುಂಬುತ್ತಿರುವ ಗುಂಡಿಯ ಹೂಳನ್ನಾಗಲಿ ನೆಲಕ್ಕೆ ಹಾಕಬಾರದು. ವಾಸನೆ ಹೋಯಿತೆಂದು ನಂಬದೆ ಎರಡು ವರುಷ ಕಾಯಬೇಕು. ಆಮೇಲೆಯೂ ಹಣ್ಣಿನ ಮರ, ತೆಂಗು, ಬಾಳೆ, ಹೂಗಿಡಗಳ ಬುಡಕ್ಕೆ ಮಣ್ಣು ಮುಚ್ಚಿ ಹಾಕುವುದು ಲೇಸು. ಕೊತ್ತಂಬರಿ, ಸೌತೆ, ಮೂಲಂಗಿಯಂತೆ ಹಸಿಯಾಗಿ ತಿನ್ನುವುದಕ್ಕೆ ಬೇಡ. ಹಾಕಿದ ಮೇಲೆ ಕೊಯ್ಲಿಗೆ ಒಂದು ತಿಂಗಳಾದರೂ ಅಂತರವಿರಲಿ. ಕೆಲಸಮಾಡುವವರ ಕಾಲಿಗೆ ಮುಚ್ಚಿದ ಪಾದರಕ್ಷೆ, ಕೈಗೆ ಗವುಸು, ಮುಗಿದೊಡನೆ ಸೋಪಿನಿಂದ ತೊಳೆಯುವುದು ಇವು ತಪ್ಪಕೂಡದು. ಗುಂಡಿಯೊಳಗೆ ಯಾರನ್ನೂ ಇಳಿಸಕೂಡದು. ಈ ಕೆಲಸವನ್ನು ತಾನು ಮಾಡಲು ಅಸಹ್ಯಪಡುವವನು ಕೂಲಿ ಕೊಟ್ಟು ಮತ್ತೊಬ್ಬನಿಂದ ಬರಿಗೈಯಲ್ಲಿ ಮಾಡಿಸುವುದಾದರೆ, ಆ ತೋಟದ ಹಣ್ಣು ಎಷ್ಟು ಸಿಹಿಯಾಗಿದ್ದರೂ ಅದನ್ನು ಶುದ್ಧವೆನ್ನಲು ಬಾರದು.